ಜೇಬಿನಲ್ಲಿದ್ದ ಎಡಗೈ

ಅವರ ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿರುತ್ತಿತ್ತು. ಆ ಒಂದು ಜೇಬಿನ ಅಂಚು ಮಾತ್ರ ಸವೆದು ಬಿಳಿಚಿಕೊಂಡಿತ್ತು. ಕೋಲಾರದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ಹೊಸತರಲ್ಲಿ ನಾವದನ್ನು ಪ್ರೊಫೆಸರರ ಗತ್ತು ಅಂದುಕೊಂಡಿದ್ದೆವು. ಮೊದಲ ಪ್ರಯೋಗದ ದಿನ ಅವರೇ ಹೇಳಿದರು:

"ಒಂದ್ ಕೈ ಪ್ಯಾನೆಲ್ ಮೇಲೆ, ಇನ್ನೊಂದು ಜೇಬಲ್ಲಿ. ಎರಡೂ ಕೈ ಚಾಚಿದ್ರೆ ಕರೆಂಟು ಎದೆ ದಾಟ್ಕೊಂಡು ಹೋಗ್ತದೆ. ಎದೇಲಿ ಏನಿದೆ, ಗೊತ್ತಲ್ಲ?"

"ಲವ್ವು ಸಾರ್!" ಅಂದ ನನ್ನ ಗೆಳೆಯ.

"ಅದೂ ಸುಟ್ಟೋಗ್ತದೆ, ಸುಮ್ನಿರ್ಲಾ."

ಸಾರ್ ನಂಗಲಿ ಕಡೆಯ ರೈತರ ಮನೆಯವರು; ಮನೆಮಾತು ತೆಲುಗು. ಉಪನ್ಯಾಸಕರಾಗಿ ಬಂದವರು ವಿಭಾಗದ ಮುಖ್ಯಸ್ಥರಾದರು, ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಯಲ್ಲೂ ಕೂತರು. ಆದರೂ ಹೊಸ ಹುಡುಗರ ಪ್ರಯೋಗಾಲಯವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಂತಿಯಲ್ಲಿ ಕರೆಂಟಿಲ್ಲ ಎಂದು ಟೆಸ್ಟರ್ ಹೇಳಿದರೆ ಅವರಿಗೆ ಸಾಲದು. ಮೊದಲು ಕರೆಂಟಿರುವ ಕಡೆ ಇಟ್ಟು, ಟೆಸ್ಟರೇ ಸರಿಯಿದೆಯೇ ನೋಡಬೇಕು. ಅದನ್ನು ಮರೆತವನಿಗೆ ಉತ್ತರ ಸರಿಯಿದ್ದರೂ ಸೊನ್ನೆ.

ಕೊನೆಯ ವರ್ಷ ನಮ್ಮನ್ನು ತಾಯಲೂರಿನ ಬಳಿಯ ಹಿಪ್ಪುನೇರಳೆ ತೋಟವೊಂದಕ್ಕೆ ಕರೆದೊಯ್ದರು. ಪಂಪ್‌ಸೆಟ್ಟು ಎಷ್ಟು ಕರೆಂಟು ಎಳೆಯುತ್ತದೆಂದು ಅಳೆಯಬೇಕಿತ್ತು.

"ಫ್ಯೂಸ್ ಕಿತ್ತಿದೀನಿ ಸಾರ್. ಏಂ ಕಾದು, ಏನೂ ಆಗಲ್ಲ, ಮುಟ್ಟಿ," ಅಂದ ತೋಟದವನು.

"ನಿನ್ನ ನಂಬ್ತೀನಪ್ಪ. ತಂತೀನ ನಂಬಲ್ಲ."

ಅವರು ಬಲಗೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಕಬ್ಬಿಣದ ಮುಚ್ಚಳ ಹಿಡಿದು ನಿಂತರು. ನಾನು ನನ್ನ ಟೆಸ್ಟರ್ ಇಟ್ಟೆ. ಹತ್ತಲಿಲ್ಲ. ತಂತಿ ಬಿಚ್ಚಲು ಬೆರಳು ಚಾಚಿದೆ. ಮಣಿಕಟ್ಟನ್ನು ಯಾರೋ ಹಿಡಿದು ಹಿಂದಕ್ಕೆಳೆದರು.

ಅವರು ತಮ್ಮ ಟೆಸ್ಟರನ್ನು ತೋಟದ ಮನೆಯ ಸ್ವಿಚ್‌ಬೋರ್ಡಿನಲ್ಲಿ ನೋಡಿಕೊಂಡು ಬಂದು ಅದೇ ತಂತಿಗೆ ಇಟ್ಟರು. ಕೆಂಪಗೆ ಹತ್ತಿತು. ಮೂರು ಫ್ಯೂಸುಗಳಲ್ಲಿ ಒಂದು ಬಿಗಿದುಕೊಂಡಿದ್ದರಿಂದ ತೋಟದವನು ಅದನ್ನು ಹಾಗೇ ಬಿಟ್ಟಿದ್ದ. ಕೆಟ್ಟಿದ್ದು ನನ್ನ ಟೆಸ್ಟರು. ಸಾರ್ ಬೈಯಲಿಲ್ಲ.

ನನ್ನನ್ನು ಎಳೆದದ್ದು ಅವರ ಎಡಗೈ ಎಂದು ನಾನು ನಂಬಿದ್ದೆ. ನನ್ನ ಬೆರಳು ತಂತಿಗೆ ತಾಕಿದ್ದರೆ ಕರೆಂಟು ನನ್ನಿಂದ ಅವರ ಎದೆ ದಾಟಿ ಆ ಮುಚ್ಚಳದ ಮೂಲಕ ನೆಲಕ್ಕೆ ಇಳಿಯುತ್ತಿತ್ತು. ಆದರೆ ನೆನಪು ತನಗೆ ಬೇಕಾದಂತೆ ಚಿತ್ರ ತಿದ್ದುತ್ತದೆ. ಗೆಳೆಯನಂತೂ ಒಪ್ಪುತ್ತಲೇ ಇರಲಿಲ್ಲ.

"ಲೇ, ಕತೆ ಕಟ್ಬೇಡ. ಸಾರ್ ಕೂಗಿದ್ದಷ್ಟೇ. ನೀನೇ ಹೆದರಿ ಹಿಂದಕ್ಕೆ ಬಿದ್ದೆ ಕಣೋ."

ಇರಬಹುದು ಅನ್ನಿಸುತ್ತಿತ್ತು. ಅವರನ್ನೇ ಕೇಳಬಹುದಿತ್ತು, ಇಲ್ಲ ಎಂದುಬಿಟ್ಟಾರು ಎಂದು ಕೇಳಲಿಲ್ಲ.

ನಿವೃತ್ತರಾಗಿ ಮುಳಬಾಗಿಲಿನಲ್ಲಿದ್ದ ಅವರು ಈ ವರ್ಷ ತೀರಿಕೊಂಡರು. ಕಾರ್ಯಕ್ಕೆ ನಾವಿಬ್ಬರೂ ಹೋಗಿದ್ದೆವು. ಊಟವಾದ ಮೇಲೆ ಅವರ ಹೆಂಡತಿಯ ಬಳಿ ಕೂತೆ. ಕೈಯ ಮಾತನ್ನು ಬೇಕೆಂದೇ ಎತ್ತಲಿಲ್ಲ.

"ಅಮ್ಮ, ಸಾರ್ ತಾಯಲೂರಿನ ಪಂಪ್‌ಸೆಟ್ ವಿಷಯ ಮನೇಲಿ ಏನಾದ್ರೂ ಹೇಳಿದ್ರಾ?"

ಆಕೆ ಗೋಡೆಯ ಮೇಲಿದ್ದ ಸಾರ್ ಫೋಟೋ ಕಡೆ ನೋಡಿದರು.

"ಅವತ್ತು ಅನ್ನ ಕಲಸಿಟ್ಕೊಂಡು ಉಣ್ಣದೆ ಕೂತಿದ್ರಪ್ಪ. ಯಾಕ್ರೀ ಅಂದೆ. 'ಮೂವತ್ತು ವರ್ಷ ಪಾಠ ಹೇಳಿ, ಇವತ್ತು ನಾನೇ ಎರಡೂ ಕೈ ಚಾಚ್ಬಿಟ್ಟೆ ಕಣೇ. ಹುಡುಗ ಉಳ್ಕೊಂಡ' ಅಂದ್ರು. ಯಾವ ಹುಡುಗ ಅಂತ ಕೊನೇವರೆಗೂ ಹೇಳ್ಲಿಲ್ಲ."

ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿದ.

"ನಾನೇ ಅಮ್ಮ," ಅಂದೆ.