ಓರವ್ವನ ಕೋಟಿನ ಹಾಡು

ಹೊಸ ಟೈರಿನ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಹಿಡಿಸುತ್ತದೆ. ಹಾಗಾಗಿ ಮೊನ್ನೆ ಶಿಕಾಗೋ ಬಳಿಯ ಇಟಾಸ್ಕಾದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಲೊಂಬಾರ್ಡಿನ ಟೈರ್ ಅಂಗಡಿಯಲ್ಲಿ ಕಾಯುತ್ತ ಕೂತಿದ್ದರೂ ಬೇಸರವೇನೂ ಆಗಿರಲಿಲ್ಲ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕೈಯಲ್ಲಿ ಕಾಫಿ ಎಂಬ ಹೆಸರಿನ ಬಿಸಿನೀರು. ಗೋಡೆಯ ಟಿವಿಯಲ್ಲಿ ಹವಾಮಾನದ ಹುಡುಗಿ ಇನ್ನೂ ಆರಿಂಚು ಹಿಮ ಬೀಳುತ್ತದೆ ಎಂದು ಲಗ್ನದ ಸುದ್ದಿ ಹೇಳುವಷ್ಟು ಖುಷಿಯಿಂದ ಹೇಳಿ ಹೋದಳು. ಆಮೇಲೆ ಒಂದು ಜಾಹೀರಾತು ಬಂತು. ಹಿಮದ ಗುಡ್ಡದ ಮೇಲೆ ಚೆಂದದ ಹುಡುಗ ಹುಡುಗಿಯರು, ಮೈಮೇಲೆ ದುಬಾರಿ ಕೋಟು, ಹಿಂದೆ ಗಿಟಾರು ಡ್ರಮ್ಮುಗಳ ಗದ್ದಲದಲ್ಲಿ ಒಂದೇ ಸಾಲು: ‘ಅಮ್ಮಾ, ನನಗೊಂದು ಕೋಟು ಸಿಕ್ಕಿದೆ.’

ಆ ಹಾಡು ನಮ್ಮ ಮನೆಯದು. ಹೀಗೆ ಹೇಳಿದರೆ ಡೆಟ್ರಾಯ್ಟಿನವರು ನಕ್ಕಾರು, ಶಿಕಾಗೋದವರು ಜಗಳಕ್ಕೇ ಬಂದಾರು. ಇರಲಿ, ಮೊದಲು ಹಾಡು ಏನೆಂದು ಹೇಳಿಬಿಡುತ್ತೇನೆ. ಅದೊಂದು ಹಳೆಯ ಬ್ಲೂಸ್ ಹಾಡು. ದಕ್ಷಿಣದ ಹತ್ತಿಹೊಲ ಬಿಟ್ಟು, ಕೆಲಸ ಹುಡುಕಿಕೊಂಡು ರೈಲು ಹತ್ತಿ ಈ ಚಳಿಯ ಊರುಗಳಿಗೆ ಬಂದ ಕಪ್ಪು ಜನರ ಹಾಡು. ಅದರಲ್ಲಿ ಒಬ್ಬ ಹುಡುಗ ಊರಿನಲ್ಲಿರುವ ತಾಯಿಗೆ ಹೇಳಿ ಕಳಿಸುತ್ತಾನೆ: ಅಮ್ಮಾ, ನನಗೊಂದು ಕೋಟು ಸಿಕ್ಕಿದೆ, ಚಿಂತೆ ಬಿಡು. ಬ್ಲೂಸಿನ ಪದ್ಧತಿಯಂತೆ ಅದನ್ನೇ ಎರಡು ಸಲ ಹೇಳಿ ಮೂರನೆಯ ಸಾಲಿನಲ್ಲಿ ಏನೋ ಒಂದು ಸಮಾಧಾನ ಸೇರಿಸುತ್ತಾನೆ. ಕೆಲಸ ಇದೆ, ಊಟ ಇದೆ, ಎಲ್ಲ ಆರಾಮ. ಕೊನೆಯ ನುಡಿಯಲ್ಲಿ ಮಾತ್ರ ನಿಜ ಹೊರಬೀಳುತ್ತದೆ. ಕೋಟು ಒಂದೇ, ಅದು ಇಬ್ಬರದು. ಹಗಲು ಪಾಳಿಯವನು ಬಂದು ಬಿಚ್ಚಿ ಕೊಟ್ಟರೆ ರಾತ್ರಿ ಪಾಳಿಯವನು ತೊಟ್ಟು ಹೋಗಬೇಕು.

ಯಾರು ಕಟ್ಟಿದರೋ ಗೊತ್ತಿಲ್ಲ. ಸಿಗುವ ಹಳೆಯ ರೆಕಾರ್ಡಿನಲ್ಲಿ ಒಬ್ಬ ಮುದುಕ, ಒಂದು ಗಿಟಾರು. ಉಳಿದದ್ದೆಲ್ಲ ಒಗ್ಗರಣೆ ಸಿಡಿದಂಥ ಸದ್ದು. ಆಮೇಲೆ ಶಿಕಾಗೋದವರು ಅದಕ್ಕೆ ಕರೆಂಟು ಕೊಟ್ಟರು. ಹಾಡಿಗೆ ಎದೆಯುಬ್ಬಿಸುವ ಠೀವಿ ಬಂತು, ಕೋಟು ರೇಷ್ಮೆಯದಾಯಿತು, ಕುಣಿಯುವವರಿಗೆ ಅಡ್ಡಿಯೆಂದೋ ಏನೋ ಕೊನೆಯ ನುಡಿ ಬಿದ್ದುಹೋಯಿತು. ಅದನ್ನು ಕೇಳಿ ಸಮುದ್ರದಾಚೆ ಇಂಗ್ಲೆಂಡಿನ ಉದ್ದಗೂದಲಿನ ಹುಡುಗರು ಇನ್ನೂ ಜೋರಾಗಿ ಹಾಡಿದರು. ಅವರ ಹಾಡಿನಲ್ಲಿ ಅಮ್ಮನೂ ಹೋಗಿ ಯಾವಳೋ ಪ್ರೇಯಸಿ ಬಂದಳು. ಈಗ ನೋಡಿ, ಅಮ್ಮ ಮರಳಿ ಬಂದಿದ್ದಾಳೆ, ಕೋಟು ಮಾರುವುದಕ್ಕೆ. ಈ ವಂಶಾವಳಿಯೆಲ್ಲ ನನಗೆ ಹೇಳಿಕೊಟ್ಟವಳು ನನ್ನ ಅಣ್ಣನ ಮಗಳು ಮೇಘಾ. ಶಿಕಾಗೋದಲ್ಲಿ ವಾರವಿಡೀ ಜನರ ಮೊಣಕಾಲು ಸರಿಮಾಡುವ ಫಿಸಿಯೋಥೆರಪಿಸ್ಟು, ಶನಿವಾರ ಮಾತ್ರ ಬ್ಯಾಂಡಿನ ಹಾಡುಗಾರ್ತಿ. ನನಗೆ ಇಷ್ಟೆಲ್ಲ ತಿಳಿಯುವ ಎಷ್ಟೋ ವರ್ಷ ಮೊದಲೇ ಹಾಡು ನಮ್ಮ ಮನೆಗೆ ಬಂದಾಗಿತ್ತು, ಅದೂ ಮನೆ ಬೆಚ್ಚಗಿಡಲೆಂದು ಅಡುಗೆಮನೆಯಲ್ಲಿದ್ದ ಬಿಸಿಗಾಳಿಯ ಕಿಂಡಿಯಿಂದ.

ನನ್ನ ಅಣ್ಣ ಡೆಟ್ರಾಯ್ಟಿನ ಆಸ್ಪತ್ರೆಯೊಂದರಲ್ಲಿ ಹೊಸ ಡಾಕ್ಟರಾಗಿದ್ದ ಕಾಲ. ಎರಡು ಸಂಸಾರಗಳ ಹಳೆಯ ಮನೆ, ಕೆಳಗೆ ಅಣ್ಣ ಮತ್ತು ಅವನ ಹೆಂಡತಿ, ಅಂದರೆ ನನ್ನ ವೈನಿ, ಮೇಲೆ ಮಿಸ್ ಓರಾ ಎಂಬ ಒಂಟಿ ಹೆಂಗಸು. ಚಿಕ್ಕವರಿದ್ದಾಗ ದಕ್ಷಿಣದಿಂದ ತಂದೆಯ ಜೊತೆ ಬಂದವರಂತೆ. ವೈನಿ ಧಾರವಾಡದವರು. ಧಾರವಾಡ ಎಂದ ಮೇಲೆ ಸಂಗೀತ ಕಲಿತಿದ್ದರು ಎಂದು ಬೇರೆ ಹೇಳಬೇಕಿಲ್ಲ. ನಾನೂ ಅದೇ ಧಾರವಾಡದವಳೇ. ಆದರೆ ಕನ್ನಡ ಕೂಟದ ನಾಡಗೀತೆಯಲ್ಲಿ ಕೂಡ ‘ನೀವು ಬರೇ ತುಟಿ ಆಡಿಸ್ರಿ’ ಎಂದು ಹೇಳಿಸಿಕೊಂಡವಳು. ದೇವರು ಎಲ್ಲೋ ಒಂದು ಕಡೆ ಲೆಕ್ಕ ಸರಿಮಾಡಲೇಬೇಕಲ್ಲ.

ಅಣ್ಣ ಆಸ್ಪತ್ರೆಗೆ ಹೋದರೆ ಮರುದಿನವೇ ಬರುತ್ತಿದ್ದ. ಒಬ್ಬರೇ ಇರುತ್ತಿದ್ದ ವೈನಿ ರೊಟ್ಟಿ ಬಡಿಯುವಾಗ ಮೇಲಿನ ಅಡುಗೆಮನೆಯ ಹಾಡು ಬಿಸಿಗಾಳಿಯ ಜೊತೆ ಕಿಂಡಿಯಿಂದ ಇಳಿದು ಬರುತ್ತಿತ್ತು. ಇಂಗ್ಲಿಷು ಪೂರ್ತಿ ತಿಳಿಯದಿದ್ದರೂ ಅಮ್ಮ, ಕೋಟು ಇವೆರಡು ತಿಳಿದವು. ವೈನಿಯೂ ಆಗ ವಾರಕ್ಕೊಮ್ಮೆ ಧಾರವಾಡಕ್ಕೆ ಫೋನ್ ಮಾಡಿ ‘ಇಲ್ಲೆ ಅಷ್ಟೇನು ಥಂಡಿ ಇಲ್ಲವ್ವಾ’ ಎಂದು ಹೇಳುತ್ತಿದ್ದವರೇ. ಹಾಗಾಗಿ ಹಾಡು ಅವರಿಗೆ ಬೇಗ ಹತ್ತಿತು. ಇವರ ದಾಸರ ಪದಗಳು ಅದೇ ಕಿಂಡಿಯಿಂದ ಮೇಲೆ ಹೋಗುತ್ತಿದ್ದವು ಎನ್ನುವುದು ಗೊತ್ತಾದದ್ದು, ಒಂದು ದಿನ ಮಿಸ್ ಓರಾ ಕೆಳಗಿಳಿದು ಬಂದು ಬಾಗಿಲು ತಟ್ಟಿ, ‘ಶನಿವಾರ ಬೆಳಗ್ಗೆ ಹಾಡುತ್ತೀಯಲ್ಲ, ಅದನ್ನು ಇಂದು ಯಾಕೆ ಹಾಡಲಿಲ್ಲ?’ ಎಂದು ಕೇಳಿದಾಗ.

ನಾನು ಓದಲಿಕ್ಕೆಂದು ಬಂದು ಅಣ್ಣನ ಮನೆಯಲ್ಲಿ ಉಳಿದುಕೊಳ್ಳುವ ಹೊತ್ತಿಗೆ ಮೇಘಾ ತೊಟ್ಟಿಲಲ್ಲಿದ್ದಳು, ಕೋಟಿನ ಹಾಡು ಜೋಗುಳವಾಗಿತ್ತು. ವೈನಿ ಅದನ್ನು ಕನ್ನಡಕ್ಕೆ ತಂದಿದ್ದರು. ‘ಅವ್ವಾ, ನನಗ ಕೋಟು ಸಿಕ್ಕದ, ಚಿಂತಿ ಮಾಡಬ್ಯಾಡ.’ ‘ಕೋಟು’ ಎನ್ನುವಲ್ಲಿ ಅವರ ದನಿ ಒಂದು ಕಡೆ ಹೋಗಿ ನಿಲ್ಲುತ್ತಿತ್ತು. ಅದು ಯಾವ ಸ್ವರವೋ ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, ‘ಕೋಮಲ ಗಾಂಧಾರನೂ ಅಲ್ಲ, ಶುದ್ಧನೂ ಅಲ್ಲ ನೋಡವಾ, ನಡುವ ಎಲ್ಲೋ ಅದ. ಮಿಸ್ ಓರಾಗ ಗೊತ್ತು’ ಎನ್ನುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ, ಅಲ್ಲಿಗೆ ಬಂದಾಗ ಮಗುವಿನ ಕಣ್ಣು ಮುಚ್ಚುತ್ತಿತ್ತು, ನನಗೆ ಊರು ನೆನಪಾಗುತ್ತಿತ್ತು.

ಹಾಡು ಪೂರ್ತಿಯಾದ ಮೇಲೆ ವೈನಿಗೆ ಒಂದು ತಕರಾರು ಹತ್ತಿಕೊಂಡಿತು. ಇದಕ್ಕೆ ಅಂಕಿತ ಎಲ್ಲಿ? ದಾಸರ ಪದ ಹಾಡುವ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಕೊನೆಯ ನುಡಿ ಬಿಟ್ಟು ಎದ್ದರೆ ಹಿರಿಯರು ಬಿಡುವುದಿಲ್ಲ. ಕಟ್ಟಿದವರ ಅಂಕಿತ ಇರುವುದು ಅಲ್ಲೇ. ಈ ಹಾಡಿನ ಕೊನೆಯ ನುಡಿಯಲ್ಲಿ ಎರಡು ಪಾಳಿ ಇದ್ದವೇ ಹೊರತು ಯಾರ ಹೆಸರೂ ಇರಲಿಲ್ಲ. ವೈನಿ ಕೂತು ಒಂದು ಸಾಲು ಸೇರಿಸಿದರು: ‘ಕೋಟು ಇಬ್ಬರದು, ಚಳಿ ಅವರವರದು, ಅಂದಾಳ ಓರವ್ವ.’

ಅಣ್ಣ ಊಟಕ್ಕೆ ಕೂತಾಗ ಅದನ್ನು ಕೇಳಿ ನಕ್ಕ. ‘ಅಲ್ಲ, ಇದನ್ನ ಆಕಿ ಬರದಿಲ್ಲಲ? ನೂರಾರು ಮಂದಿ ಹಾಡ್ಯಾರ.’

‘ಹಾಡಲ್ಯಾಕ. ನನಗ ಕೊಟ್ಟಾಕಿ ಆಕೀನ’ ಎಂದರು ವೈನಿ. ‘ಅಂಕಿತ ಇಲ್ಲಂದ್ರ ಪದ ಪರದೇಶಿ ಆಗ್ತದ, ನೋಡ್ರಿ.’

ಮಿಸ್ ಓರಾ ಅವರನ್ನು ಕೂಡಿಸಿ ಹಾಡಿ ತೋರಿಸಿದ ದಿನ ನಾನೂ ಇದ್ದೆ. ತಮ್ಮ ಹೆಸರು ಬಂದಾಗ ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆಮೇಲೆ, ‘ನಾನು ಹೀಗೆ ಹಾಡುವುದಿಲ್ಲ. ಆದರೆ ನಾನೂ ನಮ್ಮ ಚಿಕ್ಕಮ್ಮ ಹಾಡಿದ ಹಾಗೆ ಹಾಡುವುದಿಲ್ಲ. ಅವಳು ಕೇಳಿದ್ದರೆ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಳು’ ಎಂದರು. ಕೆಲವು ವರ್ಷದ ನಂತರ ಅಣ್ಣ ಡೆಟ್ರಾಯ್ಟಿನ ಹೊರವಲಯದ ಟ್ರಾಯ್‌ನಲ್ಲಿ ದೊಡ್ಡ ಮನೆ ಮಾಡಿದ, ಮಿಸ್ ಓರಾ ತಂಗಿಯ ಮಗಳ ಜೊತೆಗಿರಲು ಮತ್ತೆ ದಕ್ಷಿಣಕ್ಕೆ ಹೋದರು. ಹೊಸ ಮನೆಯಲ್ಲೂ ಬಿಸಿಗಾಳಿಯ ಕಿಂಡಿಗಳಿದ್ದವು. ಮೇಲೆ ಹಾಡುವವರು ಮಾತ್ರ ಯಾರೂ ಇರಲಿಲ್ಲ.

ವೈನಿ ವರ್ಷಗಟ್ಟಲೆ ಹಾಡಿದರು. ಹಾಡುತ್ತಲೇ ಇರುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ನಲ್ಲಿಯಲ್ಲಿ ನೀರು ಬರುವುದನ್ನು ಯಾರಾದರೂ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆಯೇ? ಐದಾರು ವರ್ಷದ ಹಿಂದೆ ಅವರಿಗೆ ಥೈರಾಯ್ಡಿನ ಆಪರೇಷನ್ ಆಯಿತು. ದನಿಗೆ ಪೆಟ್ಟಾಗಬಹುದೆಂದು ಅಣ್ಣನಿಗೂ ವೈನಿಗೂ ಮೊದಲೇ ಗೊತ್ತಿತ್ತು, ಮಾಡಿಸದೆ ವಿಧಿ ಇರಲಿಲ್ಲ. ಜೀವಕ್ಕೆ ಏನೂ ಆಗಲಿಲ್ಲ. ದನಿ ಪಿಸುಮಾತಿನಷ್ಟು ಉಳಿಯಿತು. ‘ಮಾತಿಗೆ ಸಾಕವಾ, ಹಾಡಿಗೆ ಸಾಲೂದಿಲ್ಲ’ ಎಂದು ಅವರೇ ಅದನ್ನು ಒಪ್ಪಿಕೊಂಡರು. ನನಗೆ ಒಪ್ಪಿಕೊಳ್ಳಲಾಗಲಿಲ್ಲ. ಇಂದಿಗೂ ಆಗಿಲ್ಲ.

ಮೇಘಾ ತನ್ನ ಬ್ಯಾಂಡಿನ ಮೊದಲ ರೆಕಾರ್ಡಿಂಗಿಗೆ ಅಮ್ಮನ ಕೋಟಿನ ಹಾಡೇ ಬೇಕು, ಅಮ್ಮ ಹಾಡಿದ ಹಾಗೇ ಬೇಕು ಎಂದು ಹಟ ಹಿಡಿದದ್ದು ಆಮೇಲೆ. ಆಗ ಹುಡುಕಿದೆವು. ಮುದುಕನದು ಇತ್ತು, ಶಿಕಾಗೋದವರದು ಇತ್ತು, ಉದ್ದಗೂದಲಿನವರದು ನಾಲ್ಕು ಬಗೆಯದು ಇತ್ತು. ವೈನಿಯದು ಮಾತ್ರ ಇರಲಿಲ್ಲ. ಸಿಕ್ಕಿದ್ದು ಮೇಘಾಳ ಎರಡನೆಯ ಬರ್ತ್‌ಡೇಯ ಒಂದು ವಿಡಿಯೋ. ಅಣ್ಣ ಕ್ಯಾಮೆರಾವನ್ನು ಕೇಕಿನ ಕಡೆಗೆ ಹಿಡಿದಿದ್ದಾನೆ, ಪಕ್ಕದ ಕೋಣೆಯಿಂದ ವೈನಿಯ ದನಿ ಶುರುವಾಗುತ್ತದೆ, ‘ಅವ್ವಾ, ನನಗ’ ಎನ್ನುವಷ್ಟರಲ್ಲಿ ಅಣ್ಣ ಯಾರಿಗೋ ಹೆದ್ದಾರಿ ಐ-ನೈಂಟಿಫೋರ್‌ನ ಯಾವ ಎಕ್ಸಿಟ್ ತಗೋಬೇಕೆಂದು ಕೂಗಿ ಹೇಳುತ್ತಾನೆ. ಎಕ್ಸಿಟ್ ನಂಬರು ಮಾತ್ರ ಸ್ಪಷ್ಟವಾಗಿದೆ.

ಆ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಟ್ರಾಯ್‌ನ ಅಡುಗೆಮನೆಯಲ್ಲಿ ನಮ್ಮ ಕಚೇರಿ ಕೂತಿತು. ಮೇಘಾ ಗಿಟಾರು ಹಿಡಿದು ಕೂತಳು, ವೈನಿ ಎದುರಿಗೆ ನ್ಯಾಯಾಧೀಶರ ಹಾಗೆ. ಅಣ್ಣನಿಗೆ ಮಾತುಗಳೆಲ್ಲ ನೆನಪಿದ್ದವು, ಆದರೆ ಅವನು ಏನು ಹಾಡಿದರೂ ಮಂಗಳಾರತಿಯಾಗುತ್ತದೆ. ನನ್ನ ಸರದಿ ಬಂದಾಗ ತೊಡೆ ತಟ್ಟಿಕೊಂಡು, ಮಗು ಮಲಗಿಸುತ್ತಿದ್ದ ಲಯದಲ್ಲಿ ಹಾಡಿದೆ. ವೈನಿ ನನ್ನ ಕೈ ಹಿಡಿದು ಪಿಸುಗುಟ್ಟಿದರು: ‘ನೀ ತಟ್ಟೂದು ಖರೆ ಅದ. ಹಾಡೂದು ಸುಳ್ಳ.’

ಹಾಗಾಗಿ ನಾನು ತಟ್ಟಿದೆ, ಮೇಘಾ ಹಾಡಿದಳು. ಎಲ್ಲ ಬಂತು, ಆ ಒಂದು ಜಾಗ ಮಾತ್ರ ಬರಲಿಲ್ಲ. ‘ಕೋಟು’ ಎಂದಳು. ವೈನಿ ತಲೆಯಾಡಿಸಿದರು. ಇಳಿಸಿ ಹಾಡಿದಳು. ಮತ್ತೆ ತಲೆಯಾಡಿಸಿದರು.

‘ಮಾಮ್, ಜಸ್ಟ್ ಟೆಲ್ ಮಿ, ಹೈಯರ್ ಆರ್ ಲೋಯರ್?’

‘ಇಳಸಬ್ಯಾಡ’ ಎಂದರು ವೈನಿ. ‘ಇಳಸಿಧಂಗ ಮಾಡು.’

ಪಾಪ, ಹುಡುಗಿ ಏನು ಮಾಡಿಯಾಳು? ಗಿಟಾರಿನ ತಂತಿ ಎಳೆದು ನೋಡಿದಳು, ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ತೆರೆದು ನೋಡಿದಳು. ವೈನಿ ತೋರಿಸಲೆಂದು ಬಾಯಿ ತೆರೆಯುತ್ತಿದ್ದರು, ಕುತ್ತಿಗೆಯ ನರ ಬಿಗಿಯುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಅವರ ಕಣ್ಣಿನಲ್ಲಿ ಹಾಡು ಪೂರ್ತಿ ಇದ್ದದ್ದು ನಮಗೆಲ್ಲ ಕಾಣುತ್ತಿತ್ತು. ಅದನ್ನು ಹೊರಗೆ ತೆಗೆಯುವ ದಾರಿಯೊಂದು ಇರಲಿಲ್ಲ. ಎರಡು ದಿನ ಹೀಗೇ ನಡೆಯಿತು. ರವಿವಾರ ಸಂಜೆ ಮೇಘಾ ಒಮ್ಮೆ ಹಾಡಿದಾಗ ವೈನಿಯ ಕೈ ತಟ್ಟನೆ ಮೇಲೆದ್ದಿತು. ‘ಅಲ್ಲೇ, ಅಲ್ಲೇ ಇತ್ತು.’ ಮೇಘಾ ಮತ್ತೆ ಹಾಡಿದಳು. ಅದು ಹೋಗಿಬಿಟ್ಟಿತ್ತು. ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಹುಡುಗಿ ಗಿಟಾರು ಕೆಳಗಿಟ್ಟು ಅಳುವುದಕ್ಕೆ ಶುರುಮಾಡಿದಳು. ವೈನಿ ಎದ್ದು ಹೋಗಿ ಅವಳ ತಲೆ ಸವರಿ, ‘ಇರಲಿ ಬಿಡು. ನೀ ನಿಂದ ಹಾಡು’ ಎಂದರು.

ಮೇಘಾ ತನ್ನದನ್ನೇ ಹಾಡಿದಳು. ಬಹಳ ಚೆನ್ನಾಗಿ ಹಾಡಿದ್ದಾಳೆ, ನಾನು ಅವಳ ಸೋದರತ್ತೆ ಅಂತ ಹೇಳುತ್ತಿಲ್ಲ. ಮೂರು ನುಡಿ ಇಂಗ್ಲಿಷಿನಲ್ಲಿ, ಕೊನೆಯದು ಕನ್ನಡದಲ್ಲಿ, ಅಂಕಿತದ ಸಮೇತ. ಕೇಳಿದವರು ಇಂಟರ್ನೆಟ್ಟಿನಲ್ಲಿ ಈ ಓರವ್ವ ಎಂಬ ಬ್ಲೂಸ್ ಗಾಯಕಿ ಯಾರು, ಅವಳ ರೆಕಾರ್ಡು ಎಲ್ಲಿ ಸಿಗುತ್ತದೆ ಎಂದು ಚರ್ಚಿಸುತ್ತಾರೆ. ಒಬ್ಬನಂತೂ ಅವಳ ಹಾಡನ್ನು ಕೇಳಿದ್ದೇನೆಂದೇ ಸಾಧಿಸುತ್ತಾನೆ. ವೈನಿಗೆ ಇದನ್ನು ಓದಿ ಹೇಳಿದರೆ ಸದ್ದಿಲ್ಲದೆ ಮೈಯೆಲ್ಲ ಅಲುಗುವಷ್ಟು ನಗುತ್ತಾರೆ.

ಇಷ್ಟನ್ನೆಲ್ಲ ನಾನು ಟೈರ್ ಅಂಗಡಿಯಲ್ಲಿ ಕೂತೇ ನೆನೆಸಿಕೊಂಡೆ. ಟಿವಿಯಲ್ಲಿ ಅದೇ ಜಾಹೀರಾತು ಮತ್ತೆ ಬಂತು. ಆ ಗದ್ದಲವನ್ನು ತಲೆಯಿಂದ ಓಡಿಸಲು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ವೈನಿಯ ಹಾಡನ್ನು ಮೆಲ್ಲಗೆ ಗುನುಗಿದೆ. ಬಂದದ್ದು ಮೇಘಾಳದು. ತೊಡೆ ತಟ್ಟಿಕೊಂಡು ಮತ್ತೆ ಗುನುಗಿದೆ. ಮತ್ತೂ ಮೇಘಾಳದೇ ಬಂತು. ನನ್ನ ಕೈ ಕೂಡ ಅವಳ ಡ್ರಮ್ಮಿನ ಲಯಕ್ಕೆ ತಟ್ಟುತ್ತಿತ್ತು.

ಭಯವಾಯಿತು. ವೈನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅದೂ ಇದೂ ಮಾತಾಡಿ, ಕೊನೆಗೆ ಕೇಳಿಯೇಬಿಟ್ಟೆ.

‘ವೈನಿ, ಕೋಟಿನ ಹಾಡು ನಿಮಗ ಒಳಗ ಕೇಳಸ್ತದಲ್ಲ? ನೀವು ಹಾಡತಿದ್ದಿರಲ್ಲ, ಹಂಗ?’

ಅವರು ಸುಲಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದರು. ಕಿವಿಗೊಟ್ಟು ಕೇಳಿಸಿಕೊಳ್ಳುವವರ ಹಾಗೆ ತಲೆ ಸ್ವಲ್ಪ ವಾಲಿಸಿ, ಬಹಳ ಹೊತ್ತು ಹಾಗೇ ಕೂತರು. ಫೋನಿನ ಪರದೆ ನಿಂತುಹೋಯಿತೇನೋ ಎಂದುಕೊಂಡೆ.

‘ಮೊದಲ ಕೇಳಸ್ತಿತ್ತು’ ಎಂದರು. ‘ಈಗ ನೆನಸಿದ್ರ ಮೇಘಾಂದ ಬರತದ.’

ತೊಡೆಯ ಮೇಲಿದ್ದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

‘ಛೊಲೋ ಹಾಡ್ಯಾಳಲ್ಲವಾ ಆಕಿ?’ ಎಂದು ಅವರೇ ನನ್ನನ್ನು ಸಮಾಧಾನ ಮಾಡುವವರಂತೆ ಕೇಳಿದರು.

‘ಹೂಂ ವೈನಿ, ಭಾಳ ಛೊಲೋ ಹಾಡ್ಯಾಳ’ ಎಂದೆ. ಸುಳ್ಳೇನೂ ಹೇಳಲಿಲ್ಲ. ಅದಕ್ಕೇ ಅಳು ಬಂತು.