ಒಣ ಹರಳಿನೊಳಗಿನ ನೀರು

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಗಾಜು ತೊಳೆದು, ದ್ರಾವಣ ಕಲಸಿ, ವಿದ್ಯಾರ್ಥಿಗಳು ಒಡೆದದ್ದನ್ನು ಗುಡಿಸುತ್ತ ಬಂದವಳಿಗೆ ಎಲ್ಲರೂ ಇಟ್ಟ ಹೆಸರು ಸೀಸೆಯಕ್ಕ. ಅವಳ ನೌಕರಿ ತಾತ್ಕಾಲಿಕ. ಲ್ಯಾಬಿನ ತಕ್ಕಡಿ ಬದಲಾಯಿತು, ನಲ್ಲಿಗಳು ಬದಲಾದವು, ಮೂವರು ಮುಖ್ಯಸ್ಥರು ಬದಲಾದರು. ಆ 'ತಾತ್ಕಾಲಿಕ' ಮಾತ್ರ ಕಾಯಂ ಆಗಿ ಉಳಿಯಿತು.

ಅವಳ ವಿದ್ಯೆಯೆಲ್ಲ ಬೀರುವಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿತ್ತು: ಯಾವ ಪುಡಿ, ಎಷ್ಟು ನೀರಿಗೆ, ಎಷ್ಟು ಗ್ರಾಂ. ಅವಳಿಗಿಂತ ಮುಂಚೆ ಇದ್ದವರು ಬರೆದಿಟ್ಟದ್ದು. ಯಾಕೆ ಅಷ್ಟೇ ಎಂದು ಅವಳು ಕೇಳಿರಲಿಲ್ಲ. ಬಾಗಿಲೂ ಬಾಯಿ ಬಿಟ್ಟಿರಲಿಲ್ಲ.

ಈ ವರ್ಷ ಕಾಯಂ ಹುದ್ದೆಗೆ ಪರೀಕ್ಷೆ ಬಂತು. ಹೊರಗಿನ ಪರೀಕ್ಷಕರು, ಬೀರುವಿಗೆ ಬೀಗ. ಕಾಗದದ ಮೇಲೆ ಲೆಕ್ಕ ಮಾಡಿ, ಬಂದಷ್ಟೇ ತೂಗಿ, ದ್ರಾವಣ ಮಾಡಿ ಕೊಡಬೇಕು. ತಪ್ಪಿದರೆ ಜಾಗ ಬೇರೆಯವರಿಗೆ. ಲೆಕ್ಕವೆಂದರೆ ಮೋಲ್ ಲೆಕ್ಕ. ಓದುವ ಕಾಲದಲ್ಲಿ ಅವಳನ್ನು ನಪಾಸು ಮಾಡಿ ಮನೆಗೆ ಕಳಿಸಿದ್ದೂ ಅದೇ.

ಕಾಲೇಜಿನ ಮೊದಲ ವರ್ಷದಲ್ಲಿದ್ದ ಮಗಳು ಮನೆಯಲ್ಲಿ ಟೀಚರಾದಳು. ದರ್ಜಿ ಗಂಡ ಹೊಲಿಗೆ ಯಂತ್ರದ ಹಿಂದಿನಿಂದಲೇ ಪಾಠ ಕೇಳುತ್ತಿದ್ದ.

"ಅಮ್ಮಾ, ಡಜನ್ ಇದ್ದ ಹಾಗೇ ಮೋಲು. ಬರೀ ಎಣಿಕೆ. ಕಣಗಳನ್ನ ಎಣಿಸೋಕಾಗಲ್ಲ, ಅದಕ್ಕೇ ತೂಗ್ತೀವಿ. ಕೋಟಿನ ಗುಂಡಿ ಒಂದು ಡಜನ್, ಅಂಗಿ ಗುಂಡಿ ಒಂದು ಡಜನ್. ಎಣಿಕೆ ಒಂದೇ, ತೂಕ ಬೇರೆ."

"ಈ ವಯಸ್ಸಲ್ಲಿ ಮೊಲದ ಹಿಂದೆ ಓಡೋಕೆ ಹೊರಟ್ಯಲ್ಲೇ!" ಎಂದ ಗಂಡ.

"ನೀವು ಸುಮ್ನೆ ಕಾಜ ಹೊಲೀರಿ."

ಸೀಸೆಯಕ್ಕ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಡಜನ್ ಗುಂಡಿ ತೂಗಿದಳು. ಒಂದು ಗುಂಡಿಯ ತೂಕದ ಹನ್ನೆರಡರಷ್ಟಕ್ಕಿಂತ ಜಾಸ್ತಿ ಬಂತು.

"ರಟ್ಟು ಬಿಚ್ಚಮ್ಮಾ! ಗುಂಡಿ ಹೊಲಿದಿರೋ ರಟ್ಟಿನ ತೂಕಾನೂ ಸೇರ್ತು," ಎಂದು ಮಗಳು ನಕ್ಕಳು. ಆಮೇಲೆ ಕೇಳಿದಳು: "ತೊಳೆದ ಗಾಜಿಗೆ ಕೊನೇಲಿ ಅಸಿಟೋನ್ ಹಾಕ್ತೀಯಲ್ಲ, ಯಾಕೆ?"

"ನೀರಿಗಿಂತ ಬೇಗ ಒಣಗುತ್ತೆ."

"ಅಸಿಟೋನಿನ ಅಣುಗಳು ಒಂದನ್ನೊಂದು ಸಡಿಲವಾಗಿ ಹಿಡಿದಿರ್ತವೆ, ಹೊರಟುಬಿಡ್ತವೆ. ನೀರಿನ ಅಣುಗಳ ಮಧ್ಯೆ ಹೈಡ್ರೋಜನ್ ಬಂಧ. ಸುಲಭಕ್ಕೆ ಕೈ ಬಿಡಲ್ಲ."

"ಹೋಗ್ತೀವಿ ಹೋಗ್ತೀವಿ ಅಂತ ಹೊಸಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡೋ ಬಂಧುಗಳು ಅನ್ನು. ನಿಮ್ಮಪ್ಪನ ಕಡೆಯವರು!"

ಹೊಲಿಗೆ ಯಂತ್ರ ಕೊಂಚ ಜೋರಾಗಿ ಓಡಿತು.

ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ್ದು ಆಕ್ಸಾಲಿಕ್ ಆಮ್ಲ: ಕಾಲು ಲೀಟರು, ಸೊನ್ನೆ ದಶಾಂಶ ಒಂದು ಮೋಲಾರ್, ಅಂದರೆ ಲೀಟರಿಗೆ ಮೋಲಿನ ಹತ್ತನೇ ಒಂದು ಪಾಲು. ಇಂಗಾಲ, ಆಮ್ಲಜನಕ, ಜಲಜನಕ ಎಲ್ಲದರ ತೂಕ ಕೂಡಿಸಿದಳು. ಒಂದು ಮೋಲಿಗೆ ತೊಂಬತ್ತು ಗ್ರಾಂ, ಬೇಕಾದ್ದು 2.25. ಬರೆದು, ತಕ್ಕಡಿಗೆ ಹರಳು ಸುರಿದಳು. 2.25 ಬಂದರೂ ಕೈ ನಿಲ್ಲಲೊಲ್ಲದು, ಇನ್ನಷ್ಟು ಸುರಿ ಎನ್ನುತ್ತದೆ. ಬಾಗಿಲಿನ ಪಟ್ಟಿಯಂತೆ ಹದಿನೆಂಟು ವರ್ಷ ಕಾಲು ಲೀಟರಿಗೆ ಆ ಕೈ ತೂಗಿದ್ದು 3.15! ಆದರೆ ಲೆಕ್ಕವಿಲ್ಲದೆ 3.15 ಎಂದು ಬರೆದರೆ ಕಾಪಿ ಎಂದು ಸೊನ್ನೆ. ಬರೆದದ್ದನ್ನು ಕೈ ನಂಬುತ್ತಿಲ್ಲ, ಕೈ ಹೇಳಿದ್ದನ್ನು ಬರೆಯುವಂತಿಲ್ಲ.

ಸೀಸೆ ತಿರುಗಿಸಿದಳು. ಲೇಬಲ್ಲಿನಲ್ಲಿ ಆಮ್ಲದ ಸೂತ್ರ, ಪಕ್ಕದಲ್ಲೊಂದು ಚುಕ್ಕಿ, ಚುಕ್ಕಿಯಾಚೆ ಎರಡು ಅಣು ನೀರು. ಇಷ್ಟು ದಿನ ಅದನ್ನು ಅಚ್ಚಿನವರ ಅಲಂಕಾರವೆಂದುಕೊಂಡಿದ್ದಳು. ಸಕ್ಕರೆಯಷ್ಟು ಒಣಗಿ ಕಾಣುವ ಹರಳಿನೊಳಗೆ ಆಮ್ಲದ ಕೈ ಹಿಡಿದು ಕೂತ ನೀರು! ರಟ್ಟು! ಇಲ್ಲಿ ಬಿಚ್ಚುವಂತಿಲ್ಲ, ಸೇರಿಸಿಯೇ ತೂಗಬೇಕು. ತೊಂಬತ್ತಕ್ಕೆ ನೀರಿನ ಮೂವತ್ತಾರು ಸೇರಿ ನೂರ ಇಪ್ಪತ್ತಾರು. ಈಗ ಲೆಕ್ಕ ಬಂದದ್ದು 3.15. ಜೋರಾಗಿ ನಗು ಬಂತು.

"ಏನಾಯ್ತಮ್ಮಾ?" ಪರೀಕ್ಷಕರು ಹತ್ತಿರ ಬಂದರು.

"ಏನಿಲ್ಲ ಸಾರ್, ರಟ್ಟು ಮರೆತಿದ್ದೆ."

"ರಟ್ಟಾ? ಇದು ಆಸಿಡ್ ಕಣಮ್ಮಾ!"

ಹಳೆ ಲೆಕ್ಕ ಹೊಡೆದುಹಾಕಿ, ಹೊಸದು ಬರೆದು, ತೂಗಿ ಅವಳು ಮಾಡಿಕೊಟ್ಟ ದ್ರಾವಣದಲ್ಲಿ ಅವರು ಹತ್ತು ಮಿಲಿಲೀಟರ್ ತೆಗೆದುಕೊಂಡು, ಬಣ್ಣ ತೋರುವ ಸೂಚಕ ಹಾಕಿ, ಮೇಲಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಟ್ಟರು. ಸರಿಯಾಗಿದ್ದರೆ ಇಪ್ಪತ್ತು ಮಿಲಿಲೀಟರ್ ಕ್ಷಾರಕ್ಕೆ ಗುಲಾಬಿ ಬಣ್ಣ ನಿಲ್ಲಬೇಕು. ಹತ್ತೊಂಬತ್ತು. ಹತ್ತೊಂಬತ್ತೂವರೆ. ಬಣ್ಣ ಮಿಂಚಿ ಮಾಯವಾಯಿತು. ಸೀಸೆಯಕ್ಕ ಉಸಿರನ್ನೂ ಅಳತೆ ಮಾಡಿ ಬಿಡುತ್ತಿದ್ದಳು. ಇಪ್ಪತ್ತಕ್ಕೆ ತೆಳು ಗುಲಾಬಿ ಬಂತು, ನಿಂತಿತು.

"ನೀವೂ ನಿಲ್ತೀರಿ ಬಿಡಿ," ಎಂದರು ಪರೀಕ್ಷಕರು. "ಪಾಸು."

ಮರುದಿನ ಬೀರುವಿನ ಬೀಗ ತೆಗೆದವಳೇ ಪೆನ್ಸಿಲ್ ಚೂಪು ಮಾಡಿಕೊಂಡು, ಬಾಗಿಲಿನ ಆ ಹಳೆಯ 3.15ರ ಪಕ್ಕದಲ್ಲಿ ಎರಡೇ ಪದ ಬರೆದಳು: ನೀರೂ ಸೇರಿ.