ದೀಪ ಹಾಕಿದಾಗ ಕಂಡ ಬಳುವಳಿ

ಇನ್ಸಾಫ್ ನಮ್ಮ ಇಂಬಾಬಾ ಗಲ್ಲಿಯವಳು. ಗಂಡ ತೀರಿಕೊಂಡ ಮೇಲೆ, ವಸ್ತುಪ್ರದರ್ಶನದ ಮಳಿಗೆಗಳಿಗೆ ಬಟ್ಟೆಯ ಮೇಲೆ ದೊಡ್ಡ ದೊಡ್ಡ ಚಿತ್ರ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದಳು. ಅಲ್ಲಿ ನನ್ನ ಯಂತ್ರ ಅವಳ ಪಕ್ಕದ್ದು, ಇಲ್ಲಿ ನನ್ನ ಮನೆಯೂ ಅವಳ ಪಕ್ಕದ್ದೇ. ಅವಳ ಬಾಳಿನಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲ.

ನಮ್ಮ ಕೆಲಸ ಅಂಚಿನದು. ಗೋಡೆಯಷ್ಟು ಅಗಲದ ಬಟ್ಟೆಯ ಸುತ್ತ ರಬ್ಬರ್ ಪಟ್ಟಿ ಹೊಲಿಯಬೇಕು. ಮಳಿಗೆಯಲ್ಲಿ ಅದನ್ನು ಅಲ್ಯೂಮಿನಿಯಂ ಚೌಕಟ್ಟಿನ ಸಂದಿಗೆ ಒತ್ತಿದರೆ ಬಟ್ಟೆ ತಮಟೆಯ ಹಾಗೆ ಬಿಗಿದು ನಿಲ್ಲುತ್ತದೆಯಂತೆ. ಅಂತೆ ಎನ್ನುವುದು ಯಾಕೆಂದರೆ ನಾವು ಕಂಡಿಲ್ಲ. ಕೋಟು ತೊಟ್ಟು ಬರುವವರ ಪ್ರದರ್ಶನಕ್ಕೆ ಹೊಲಿಯುವ ಹೆಂಗಸರನ್ನು ಯಾರು ಬಿಡುತ್ತಾರೆ? ಎಲ್ಲ ಮುಗಿದ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಕಾರ್ಖಾನೆಗೆ ವಾಪಸು ಬರುತ್ತದೆ, ಬೇಕಾದವರು ಒಯ್ಯಬಹುದು. ನಮ್ಮ ಮಹಡಿಯ ಪಾರಿವಾಳದ ಗೂಡಿಗೆ ಯಾವುದೋ ಬ್ಯಾಂಕಿನವನ ನಗುಮುಖವೇ ಸೂರು.

ಇನ್ಸಾಫಳ ಒಬ್ಬಳೇ ಮಗಳು ರಿಹಾಮ್. ಅವಳಿಗೆ ಕೋಳಿ ಅಂಗಡಿಯ ಹಾಜಾ ದೌಲತ್‌ಳ ಮಗನ ಜೊತೆ ಮದುವೆ ಗೊತ್ತಾಯಿತು. ದೌಲತ್ ಹಜ್ ಮಾಡಿ ಬಂದವಳು, ನಾಲಿಗೆ ಮಾತ್ರ ಇದ್ದ ಹಾಗೇ ಇತ್ತು. ನಮ್ಮಲ್ಲಿ ಹಾಸಿಗೆ ಹೊದಿಕೆ ಹೆಣ್ಣಿನ ಕಡೆಯವರದು. ಮದುವೆಗೆ ಮುಂಚೆ ಹಾಸಿಗೆ ಹೊಲಿಯುವವನು ಗಲ್ಲಿಗೇ ಬಂದು ಹತ್ತಿ ಬಡಿಯುತ್ತಾನೆ, ಹಾಡು ಹಾಕುತ್ತಾರೆ, ಬಳುವಳಿಯನ್ನೆಲ್ಲ ಹಗ್ಗದ ಮೇಲೆ ನೇತುಹಾಕುತ್ತಾರೆ. ಆ ದಿನ ಯಾರೂ ಮಗಳನ್ನು ಹಗುರವಾಗಿ ನೋಡಬಾರದು, ಅಷ್ಟೇ ಇನ್ಸಾಫಳ ಆಸೆ.

ಕಾರ್ಖಾನೆಯಿಂದ ಅವಳು ಒಂದು ಬಟ್ಟೆ ತಂದಳು. ಮುಂದೆ ಜಿರಳೆ ಔಷಧಿಯ ಜಾಹೀರಾತು, ಹಿಂದೆ ಹಾಲಿನಂಥ ಬಿಳುಪು. ಮುಟ್ಟಿದರೆ ನುಣುಪು. ಇಡೀ ರಜಾಯಿಯ ಗವಸಿಗೆ ನಡುವೆ ಒಂದೂ ಜೋಡುಹೊಲಿಗೆ ಬೇಡ, ಅಷ್ಟು ಅಗಲ. ಚಿತ್ರ ಒಳಗೆ ಮಾಡಿ ಹೊಲಿದಳು. ರಬ್ಬರ್ ಪಟ್ಟಿ ಬಿಚ್ಚಿದವಳು ರಿಹಾಮಳೇ.

"ಇದೇ ಇರ್ಲಿ ಅಮ್ಮ, ಯಾರ್ಗೆ ಗೊತ್ತಾಗತ್ತೆ?" ಎಂದಳು. ನಾನು ಅಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಹತ್ತಿ ಬಡಿಯುವ ದಿನ ಹಗಲೆಲ್ಲ ಎಲ್ಲ ಚೆನ್ನಾಗಿತ್ತು. ಹತ್ತಿ ತುಂಬುವ ಮುಂಚೆ ಗವಸನ್ನು ಹಗ್ಗಕ್ಕೆ ಹಾಕಿದರು. ದೌಲತ್ ಬಂದವಳು ಮುಟ್ಟಿ ನೋಡಿ, "ನಡುವೆ ಹೊಲಿಗೇನೇ ಇಲ್ವಲ್ಲೇ! ಎಲ್ ತಂದೆ ಇದನ್ನ?" ಎಂದಳು. ಇನ್ಸಾಫ್ ನಕ್ಕು ಶರಬತ್ತು ಕೊಟ್ಟಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಮತ್ತೆ ಕಾಣಲಿಲ್ಲ.

ಕತ್ತಲಾಗುತ್ತ ಬಂತು. ಹುಡುಗಿಯರು ಕುಣಿಯಲಿ ಎಂದು ಗಂಡಿನ ಸೋದರಮಾವ ಹಗ್ಗದ ಹಿಂದಿನ ಗೋಡೆಯ ಕಡೆಯಿಂದ ದೊಡ್ಡ ದೀಪ ಹಾಕಿದ. ಗವಸಿನ ಮೇಲೆ ಒಂದು ಜಿರಳೆ ಎದ್ದು ಬಂತು. ಆಳುದ್ದದ ಜಿರಳೆ, ಅಂಗಾತ ಬಿದ್ದು ಕಾಲು ಮೇಲೆ ಮಾಡಿದ್ದು, ಮೀಸೆ ಸಮೇತ.

ಅದು ಒಳಗಿನಿಂದ ದೀಪ ಉರಿಯುವ ಪೆಟ್ಟಿಗೆಗೆಂದೇ ನೇಯ್ದ ಬಟ್ಟೆ. ದೀಪವಿಲ್ಲದಾಗ ಬೆನ್ನು ಬೆಳ್ಳಗಿರುತ್ತದೆ, ಹಿಂದೆ ಬೆಳಕು ಬಿದ್ದರೆ ಚಿತ್ರ ಹೊರಬರುತ್ತದೆ. ಪ್ರದರ್ಶನಕ್ಕೆ ಹೋದ ಯಾವ ಪೆದ್ದನಿಗೂ ಇದು ಗೊತ್ತು. ಆಯಸ್ಸೆಲ್ಲ ಅದರ ಅಂಚು ಹೊಲಿದ ನಮಗೆ ಗೊತ್ತಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಾಡು ನಿಂತಿತು. ಮೊದಲು ನಕ್ಕವಳು ದೌಲತ್.

"ಬಳುವಳಿ ಜೊತೆ ಜಿರಳೇನೂ ಕಳಿಸ್ತಿದೀಯೇನೇ ಇನ್ಸಾಫ್? ನನ್ ಮಗ ಇದನ್ನ ಹೊದ್ಕೊಂಡು ಮಲಗ್ಬೇಕಾ?"

"ಹೆದರ್ಬೇಡಿ ಹಾಜಾ, ಸತ್ತಿರೋ ಜಿರಳೆ!" ಎಂದು ಯಾರೋ ಕೂಗಿದರು. ಗಲ್ಲಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದೌಲತ್ ನಗು ನಿಲ್ಲಿಸಿ ರಿಹಾಮಳ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ?"

ರಿಹಾಮ್ ತಾಯಿಯ ಮುಖ ನೋಡಲಿಲ್ಲ. "ಇಲ್ಲ ಅತ್ತೆ, ದೇವ್ರಾಣೆ. ಅಮ್ಮ ನಂಗೂ ಮೋಸ ಮಾಡಿದ್ಲು."

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ಸಾಫ್ ನನ್ನ ತೋಳು ಚಿವುಟಿದಳು. "ಹೌದು ಹಾಜಾ. ಮಗೂಗೇನೂ ಗೊತ್ತಿಲ್ಲ, ಎಲ್ಲಾ ನಂದೇ ಕೆಲ್ಸ."

"ಹಂಗಾದ್ರೆ ಹುಡುಗಿ ಬರ್ಲಿ," ಎಂದಳು ದೌಲತ್. "ನಿನ್ ಬಟ್ಟೆ ನಮ್ಮನೆಗೆ ಬೇಡ. ನೀನೂ ಬೇಡ."

ಮದುವೆಯ ದಿನ ಇನ್ಸಾಫ್ ಕಾರ್ಖಾನೆಗೆ ಬಂದು ಅಂಚು ಹೊಲಿದಳು. "ಈಗ ಅವ್ಳನ್ನ ಯಾರೂ ಆಡ್ಕೊಳಲ್ಲ ಅಲ್ವೇನೇ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ಅದು ನಿಜವೂ ಆಗಿತ್ತು.

ಮರುವರ್ಷ ರಿಹಾಮಳಿಗೆ ಗಂಡು ಮಗುವಾಯಿತು. ಏಳನೆಯ ದಿನದ ಶಾಸ್ತ್ರಕ್ಕೆ ಗಲ್ಲಿಯವರಿಗೆಲ್ಲ ಕರೆ ಬಂತು, ಇನ್ಸಾಫಳೊಬ್ಬಳನ್ನು ಬಿಟ್ಟು. ಆದರೂ ನನ್ನ ಜೊತೆ ಹೊರಟಳು. ಮಗು ಎತ್ತಿಕೊಂಡು ಬಂದು ಬಾಗಿಲು ತೆಗೆದವಳು ರಿಹಾಮಳೇ. ಒಳಗಿನಿಂದ ದೌಲತ್ ಕೂಗಿದಳು, "ಯಾರೇ ಅದು?"

ರಿಹಾಮ್ ನನ್ನೊಬ್ಬಳನ್ನು ಒಳಗೆ ಎಳೆದುಕೊಂಡಳು. "ಪಕ್ಕದ್ಮನೆಯವ್ರು ಅತ್ತೆ, ಒಬ್ರೇ ಬಂದಿದಾರೆ," ಎಂದು ಬಾಗಿಲು ಹಾಕಿದಳು.